ಡರ್ಕ್ ನೊವಿಟ್ಸ್ಕಿ ಗೆದ್ದದ್ದು ಒಂದೇ ಕಪ್. ಆದರೂ ಅಷ್ಟು ಗೌರವ ಯಾಕೆ?

ಪ್ರಶ್ನೆ
ಅಮೆರಿಕದ ಬ್ಯಾಸ್ಕೆಟ್‌ಬಾಲ್ ಲೀಗ್ ಎನ್‌ಬಿಎಯ ಡಲ್ಲಾಸ್ ಮ್ಯಾವರಿಕ್ಸ್ ತಂಡದ ಸ್ಟೇಡಿಯಂ ಹೊರಗೆ ಡರ್ಕ್ ನೊವಿಟ್ಸ್ಕಿಯ ಪ್ರತಿಮೆ ಇದೆ. ಒಂಟಿಕಾಲಲ್ಲಿ ಹಿಂದಕ್ಕೆ ವಾಲಿ ಚೆಂಡು ಎಸೆಯುವ ಭಂಗಿ. ಅದರ ಫೋಟೋ ನೋಡಿದಾಗಿನಿಂದ ಒಂದು ಪ್ರಶ್ನೆ ತಲೆ ಕೊರೆಯುತ್ತಿದೆ. 21 ಸೀಸನ್ ಒಂದೇ ತಂಡಕ್ಕೆ ಆಡಿದವರು, ಗೆದ್ದ ಕಪ್ ಒಂದು. 2007ರಲ್ಲಂತೂ 67 ಪಂದ್ಯ ಗೆದ್ದ ತಂಡ ಪ್ಲೇಆಫ್‌ನ ಮೊದಲ ಸುತ್ತಲ್ಲೇ ಎಂಟನೇ ಸೀಡ್, ಅಂದರೆ ಶ್ರೇಯಾಂಕದಲ್ಲಿ ಕೊನೆಯ ತಂಡವಾದ ಗೋಲ್ಡನ್ ಸ್ಟೇಟ್ ಎದುರು ಸೋತಿತು. ಹಾಗಿದ್ದರೂ ಹಳೆಯ ಅಭಿಮಾನಿಗಳು ಇವರ ಹೆಸರು ಹೇಳುವಾಗ ದನಿಯೇ ಬದಲಾಗುತ್ತದೆ, ಅಲ್ವಾ? ನಾನು ಆಟ ನೋಡಲು ಶುರು ಮಾಡುವ ಹೊತ್ತಿಗೆ ಅವರು ನಿವೃತ್ತರಾಗಿದ್ದರು. ಅರ್ಥ ಆಗಬೇಕಾದರೆ ಯಾವ ಪಂದ್ಯ ನೋಡಲಿ?

ಉತ್ತರ 1
2011ರ ವೆಸ್ಟರ್ನ್ ಕಾನ್ಫರೆನ್ಸ್ ಫೈನಲ್ಸ್ (ಫೈನಲ್ಸ್‌ಗೆ ಮುಂಚಿನ ಸುತ್ತು), ಒಕ್ಲಹೋಮಾ ಸಿಟಿ ಎದುರಿನ ಮೊದಲ ಪಂದ್ಯ. 48 ಪಾಯಿಂಟ್. 15 ಶಾಟ್‌ನಲ್ಲಿ 12 ಒಳಗೆ, ಫೌಲ್‌ಗೆ ಸಿಗುವ ಫ್ರೀ ಥ್ರೋ 24ಕ್ಕೆ 24. ಬೇರೇನೂ ಬೇಡ.

ಉತ್ತರ 2
ಆ ಪಂದ್ಯ ಚಂದವೇ. ಆದರೆ ನಾನು ಹೇಳುವುದು ಅದೇ ವರ್ಷ ಜೂನ್ 12ರದ್ದು. ಮಯಾಮಿ ಹೀಟ್ ಎದುರು ಫೈನಲ್ಸ್‌ನ ಆರನೇ ಪಂದ್ಯ. ಮೊದಲ ಅರ್ಧ ಬಿಡಬೇಡಿ.

ಅದಕ್ಕೆ ಮುಂಚೆ ಹಿಂದಿನದು ಸ್ವಲ್ಪ ಗೊತ್ತಿರಬೇಕು. 2006ರ ಫೈನಲ್ಸ್‌ನಲ್ಲಿ ಇದೇ ಮಯಾಮಿ ಎದುರು ಡಲ್ಲಾಸ್ 2-0 ಮುಂದಿತ್ತು; ನಾಲ್ಕು ಪಂದ್ಯ ಮೊದಲು ಗೆದ್ದವರಿಗೆ ಕಪ್. ಮೂರನೇ ಪಂದ್ಯದ ಕೊನೇ ಸೆಕೆಂಡುಗಳಲ್ಲಿ ಸ್ಕೋರ್ ಸಮ ಮಾಡಲು ಡರ್ಕ್‌ಗೆ ಎರಡು ಫ್ರೀ ಥ್ರೋ ಸಿಕ್ಕವು. ಮೊದಲನೆಯದು ಬಿತ್ತು, ಎರಡನೆಯದು ತಪ್ಪಿತು. ಆ ಸೋಲಿನಿಂದ ಹಿಡಿದು ಸಾಲಾಗಿ ನಾಲ್ಕು ಸೋಲು. ಮರುವರ್ಷ ನೀವು ಹೇಳಿದ ಗೋಲ್ಡನ್ ಸ್ಟೇಟ್ ಸಿರೀಸ್. ಎದುರಾಳಿ ಕೋಚ್ ಯಾರು ಗೊತ್ತಾ? ಡಾನ್ ನೆಲ್ಸನ್. 1998ರಲ್ಲಿ ಜರ್ಮನಿಯ ವೂರ್ಟ್ಸ್‌ಬರ್ಗ್‌ನಿಂದ 20ರ ಹುಡುಗನನ್ನು ಡಲ್ಲಾಸ್‌ಗೆ ತಂದವರೇ ಅವರು. ಅವನ ಆಟದ ಒಳಹೊರಗು ಅವರಿಗೆ ಗೊತ್ತಿತ್ತು. ಕೊನೇ ಪಂದ್ಯದಲ್ಲಿ ಡರ್ಕ್ 13 ಶಾಟ್ ಹೊಡೆದು ಎರಡೇ ಹಾಕಿದರು. ಆ ಸೀಸನ್‌ನ ಎಂವಿಪಿ (ಅತ್ಯುತ್ತಮ ಆಟಗಾರ) ಪ್ರಶಸ್ತಿ ಬಂದದ್ದು ತಂಡ ಹೊರಬಿದ್ದ ಮೇಲೆ. ಟ್ರೋಫಿ ಹಿಡಿದು ನಿಂತಾಗಿನ ಆ ಮುಖ ನನಗೆ ಇನ್ನೂ ನೆನಪಿದೆ. ನೋಡಲಾಗದೆ ಟಿವಿ ಆರಿಸಿದ್ದೆ.

2010ರಲ್ಲಿ ಅವರು ಬೇರೆ ತಂಡಕ್ಕೆ ಹೋಗಬಹುದಿತ್ತು. ಅದೇ ಬೇಸಿಗೆಯಲ್ಲಿ ಲೆಬ್ರಾನ್ ಜೇಮ್ಸ್, ಕ್ರಿಸ್ ಬಾಶ್ ಇಬ್ಬರೂ ಮಯಾಮಿ ಸೇರಿದರು. ಡರ್ಕ್ ಡಲ್ಲಾಸ್‌ನಲ್ಲೇ ಉಳಿದರು. ಮುಂದಿನ ಜೂನ್‌ನಲ್ಲಿ ಅದೇ ಮಯಾಮಿ ಎದುರಿಗೆ ನಿಂತಿತ್ತು.

ಮೊದಲ ಪಂದ್ಯದಲ್ಲೇ ಎಡಗೈ ನಡುಬೆರಳಿಗೆ ಪೆಟ್ಟಾಯಿತು. ನಾಲ್ಕನೆಯದನ್ನು ಜ್ವರದಲ್ಲೇ ಆಡಿದರು. ಆರನೇ ಪಂದ್ಯದ ಮೊದಲ ಅರ್ಧದಲ್ಲಿ 12 ಶಾಟ್, ಒಳಗೆ ಹೋದದ್ದು ಒಂದು. ಮತ್ತೆ 2007 ಬಂತಲ್ಲ ಅಂತ ನನ್ನ ಎದೆ ಕುಸಿಯಿತು. ಜೇಸನ್ ಟೆರ್ರಿ ತಂಡವನ್ನು ಹಿಡಿದು ನಿಲ್ಲಿಸಿದರು. 2006ರ ಸೋಲುಂಡವರಲ್ಲಿ ಡರ್ಕ್ ಜೊತೆ ಉಳಿದಿದ್ದವರು ಅವರೊಬ್ಬರೇ. ಎರಡನೇ ಅರ್ಧದಲ್ಲೂ ಡರ್ಕ್ ತಮ್ಮ ಶಾಟ್ ಬಿಟ್ಟುಕೊಡಲಿಲ್ಲ. ಅವೇ ಜಾಗಗಳಿಂದ ಹೊಡೆಯುತ್ತಾ ಹೋದರು. 18 ಪಾಯಿಂಟ್ ಬಂದವು. 105-95. ಆಟ ಮುಗಿಯುವ ಗಂಟೆ ಬಾರಿಸುವ ಮುಂಚೆಯೇ ಅಂಕಣ ಬಿಟ್ಟು ಲಾಕರ್ ರೂಮಿಗೆ ಹೋಗಿ ಅತ್ತರು. ಟ್ರೋಫಿಗಾಗಿ ಮತ್ತೆ ಕರೆದು ತರಬೇಕಾಯಿತು.

ಉತ್ತರ 3
ಡರ್ಕ್‌ಗೆ ಆಟ ಕಲಿಸಿದ ಹೋಲ್ಗರ್ ಗೆಶ್ವಿಂಡ್ನರ್ ಹೆಸರೂ ಬರಲಿ. 1972ರ ಮ್ಯೂನಿಕ್ ಒಲಿಂಪಿಕ್ಸ್‌ನಲ್ಲಿ ಪಶ್ಚಿಮ ಜರ್ಮನಿ ತಂಡದ ನಾಯಕ, ಗಣಿತ ಮತ್ತು ಭೌತಶಾಸ್ತ್ರ ಓದಿದವರು. ಹುಡುಗನ ಎತ್ತರಕ್ಕೆ ಚೆಂಡು ಎಷ್ಟು ಕಮಾನಾಗಿ ಹೋಗಬೇಕು ಅಂತ ಲೆಕ್ಕ ಹಾಕಿ ಡರ್ಕ್‌ರ ಶಾಟ್ ಕಟ್ಟಿದರು. ಸ್ಟಾರ್ ಆದ ಮೇಲೂ ಬೇಸಿಗೆಯಲ್ಲಿ ಡರ್ಕ್ ಅವರ ಬಳಿಗೇ ಹೋಗಿ ಅಭ್ಯಾಸ ಮಾಡುತ್ತಿದ್ದರು.

ಒಂಟಿಕಾಲಲ್ಲಿ ವಾಲುವುದು ಸುಮ್ನೆ ಸ್ಟೈಲಿಗೆ ಅಂದುಕೊಳ್ಳಬೇಡಿ. ಎತ್ತಿದ ಮೊಣಕಾಲು ಎದುರಾಳಿಯನ್ನು ದೂರ ಇಡುತ್ತದೆ. ಏಳು ಅಡಿ ಆಳು ಇನ್ನೂ ಹಿಂದಕ್ಕೆ ಹೋದರೆ ಯಾರ ಕೈ ಎಟುಕುತ್ತದೆ?

ಪ್ರಶ್ನೆ ಕೇಳಿದವರು
ಆರನೇ ಪಂದ್ಯದ ಮೊದಲ ಅರ್ಧ ನೋಡಿದೆ. ತಪ್ಪಿದ ಹನ್ನೊಂದು ಶಾಟ್ ಎಣಿಸಿದೆ. ಪ್ರತಿ ಸಲವೂ ಮುಖದಲ್ಲಿ ಗಾಬರಿ ಇದೆಯಾ ಅಂತ ಹುಡುಕಿದೆ, ನನಗೆ ಕಾಣಲಿಲ್ಲ. ಎರಡನೇ ಅರ್ಧ ಈಗ ಹಾಕುತ್ತೇನೆ.