ಒಂದು ಫಾರ್ವರ್ಡ್, ನಮ್ಮನೆ ಗ್ರೂಪು

(ಅತ್ತಿಗೆಯನ್ನ, ಅಂದ್ರೆ ಪುಟ್ಟಿಯ ಅಮ್ಮನನ್ನ, ಕೇಳಿಯೇ ಇಲ್ಲಿ ಹಾಕ್ತಿದ್ದೀನಿ. ಹೆಸರು ತೆಗೆದಿದ್ದೀನಿ, ನಾನು ಬೈಸಿಕೊಂಡದ್ದನ್ನ ತೆಗೆದಿಲ್ಲ.)

ದೊಡ್ಡಪ್ಪ: [ಫೋಟೋ] ಕ್ಯಾನ್ಸರ್ ಬಂದಿರುವ ಈ ಮಗುವಿಗೆ ಇನ್ನು ಕೆಲವೇ ದಿನ. 10 ಗ್ರೂಪಿಗೆ ಕಳಿಸಿ. ಪ್ರತಿ ಷೇರಿಗೂ ಮಗುವಿನ ಖಾತೆಗೆ ಹಣ ಬೀಳುತ್ತದೆ. ಕಲ್ಲು ಮನಸ್ಸಿನವರು ಮಾತ್ರ ಕಳಿಸುವುದಿಲ್ಲ.

ಚಿಕ್ಕಮ್ಮ: ಅಯ್ಯೋ ಪಾಪ. ಕಳಿಸಿದೆ 🙏

ಭಾವ: 🙏🙏

ನಾನು: ದೊಡ್ಡಪ್ಪಾ, ಇದು ಸುಳ್ಳು. ವಾಟ್ಸಾಪ್ ಮೆಸೇಜನ್ನ ಕಳಿಸಿದವರು, ತಗೊಂಡವರು ಬಿಟ್ಟು ಬೇರೆ ಯಾರೂ ಓದೋಕಾಗಲ್ಲ. ಅಂದಮೇಲೆ ಷೇರ್ ಎಣಿಸಿ ದುಡ್ಡು ಹಾಕೋರು ಯಾರು? ಆ ಮಗುವಿನ ಅಪ್ಪ ಅಮ್ಮನ್ನ ಕೇಳಿ ಫೋಟೋ ಹಾಕಿರ್ತಾರಾ?

ದೊಡ್ಡಪ್ಪ: ಸುಳ್ಳೇ ಇರಲಿ ಕಣಮ್ಮ. ಕಳಿಸಿದ್ರೆ ನನ್ನ ಗಂಟೇನು ಹೋಗುತ್ತೆ?

ನಾನು: ಗೊತ್ತಿಲ್ಲದ ಮಗುವಿಗೆ ಎಲ್ಲರೂ ಕೈ ಮುಗಿದದ್ದಾಯ್ತು. ಪುಟ್ಟಿ ಹೇಗಿದ್ದಾಳೆ ಅಂತ ಈ ಗ್ರೂಪಲ್ಲಿ ಕೊನೇ ಸಲ ಕೇಳಿದ್ದು ಯಾವಾಗ? ಮೇಲಕ್ಕೆ ಹೋಗಿ ನೋಡಿದೆ. ಏಳು ತಿಂಗಳಾಗಿದೆ.

ಭಾವ: ಅವಳಿಗೆ ವಾಸಿ ಆಯ್ತಲ್ವಾ? ಕೂದಲೂ ಬಂದಿದೆ, ಮೊನ್ನೆ ಸ್ಟೇಟಸ್‌ನಲ್ಲಿ ನೋಡಿದೆ.

ನಾನು: ಕೂದಲು ಬಂದ್ರೆ ಮುಗೀತು ಅಂತಲ್ಲ ಭಾವ. ಅವಳದ್ದು ಎ.ಎಲ್.ಎಲ್., ರಕ್ತದ ಕ್ಯಾನ್ಸರ್, ಮಕ್ಕಳಲ್ಲಿ ಅದೇ ಜಾಸ್ತಿ. ಮೊದಲ ತಿಂಗಳಲ್ಲೇ ರಿಪೋರ್ಟ್ ಚೆನ್ನಾಗಿ ಬರಬಹುದು, ಆದರೂ ಕಣ್ಣಿಗೆ ಬೀಳದ ಕಣ ಉಳಿದಿರುತ್ತೆ ಅಂತ ಒಟ್ಟು ಎರಡರಿಂದ ಮೂರು ವರ್ಷ ಔಷಧಿ. ಈಗ ದಿನಾ ರಾತ್ರಿ ಒಂದು ಮಾತ್ರೆ, ವಾರಕ್ಕೊಂದು ಸಲ ಇನ್ನೊಂದು. ಜ್ವರ 38 ಡಿಗ್ರಿ ದಾಟಿದ್ರೆ ಅರ್ಧರಾತ್ರಿ ಆದ್ರೂ ಆಸ್ಪತ್ರೆಗೆ ಓಡಬೇಕು. ಮೊದಲ ತಿಂಗಳು ಬಾಗಿಲಲ್ಲಿ ಜಾತ್ರೆ ಥರ ಜನ, ಅದೂ ನೆಗಡಿ ಇಟ್ಕೊಂಡು! ಸೋಂಕು ತಡೆಯೋ ಬಿಳಿ ರಕ್ತಕಣ ನೆಲ ಕಚ್ಚಿದ್ದ ಮಗುವಿನ ಮುಂದೆ. ಈಗ, ನಿಜವಾಗ್ಲೂ ಕೈ ಬೇಕಾದಾಗ, ಒಬ್ಬರೂ ಇಲ್ಲ.

ಚಿಕ್ಕಮ್ಮ: ಏನಾದ್ರೂ ಬೇಕಾದ್ರೆ ಹೇಳು ಅಂತ ಅವಳಿಗೆ ಎಷ್ಟು ಸಲ ಹೇಳಿದ್ದೀನಿ ಕಣೇ. ಅವಳು ಕೇಳಲೇ ಇಲ್ಲ.

ನಾನು: ಏನು ಬೇಕು ಅಂತ ಯೋಚನೆ ಮಾಡಿ, ಯಾರನ್ನ ಕೇಳಿದ್ರೆ ಯಾರಿಗೆ ಬೇಜಾರು ಅಂತ ಅಳೆದು, ಆಮೇಲೆ ಬಾಯಿಬಿಟ್ಟು ಕೇಳೋದು. ಅದೂ ಅವಳದ್ದೇ ಕೆಲಸನಾ?

ಚಿಕ್ಕಮ್ಮ: ಮಾತಾಡೋಕೇ ಭಯ ನಂಗೆ. ಹೋದ ಸಲ ಯಾಕೆ ಬಂತಂತೆ ಅಂದಿದ್ದಕ್ಕೆ ಎದ್ದು ಒಳಗೆ ಹೋದಳು.

ನಾನು: ಬಸುರಿಯಾಗಿದ್ದಾಗ ಏನು ತಿಂದಿದ್ದೆ ಅಂತ ಕೇಳಿದ್ರಿ ಚಿಕ್ಕಮ್ಮ. ಮಕ್ಕಳ ಕ್ಯಾನ್ಸರಿಗೆ ಬಹುಪಾಲು ಕಾರಣವೇ ತಿಳಿದಿಲ್ಲ. ತಾಯಿ ತಿಂದಿದ್ದು, ಬಿಟ್ಟಿದ್ದು ಅಂತ ಹುಡುಕಬೇಡಿ.

ದೊಡ್ಡಪ್ಪ: ಎಲ್ಲರಿಗೂ ಪಾಠ ಆಯ್ತು. ನೀನೇನು ಮಾಡಿದೆ?

ನಾನು: ಎರಡು ಸಲ ಪ್ಲೇಟ್‌ಲೆಟ್ ಕೊಟ್ಟೆ. ಅದು ಐದು ದಿನಕ್ಕಿಂತ ಹೆಚ್ಚು ಇಡೋಕಾಗಲ್ಲ, ಮತ್ತೆ ಮತ್ತೆ ಜನ ಬೇಕು. ಆಮೇಲೆ ನಾನೂ ಸುಮ್ಮನಾದೆ. ಹೌದು.

ಭಾವ: ಚಿಕಿತ್ಸೆ ಡಾಕ್ಟ್ರು ಕೊಡ್ತಾರೆ. ನಾವು ಹೊರಗಿನವರು ಮಾಡೋಂಥದ್ದು ಏನಿರುತ್ತೆ?

ನಾನು: ವಿಶ್ವ ಆರೋಗ್ಯ ಸಂಸ್ಥೆ ಲೆಕ್ಕ ನೋಡಿ. ದುಡ್ಡಿರೋ ದೇಶಗಳಲ್ಲಿ ನೂರಕ್ಕೆ 80ಕ್ಕಿಂತ ಹೆಚ್ಚು ಮಕ್ಕಳು ವಾಸಿ ಆಗ್ತಾರೆ, ಬಡ ದೇಶಗಳಲ್ಲಿ 30 ಕೂಡ ದಾಟಲ್ಲ. ಚಿಕಿತ್ಸೆ ಅರ್ಧಕ್ಕೇ ಬಿಡೋದೂ ಅದಕ್ಕೊಂದು ಕಾರಣ. ಓಡಾಟ, ಸಾಲ, ಹೋದ ಕೆಲಸ, ಮನೇಲಿರೋ ಇನ್ನೊಂದು ಮಗು, ಇವುಗಳಿಂದಲೇ ಬಿಡೋದು. ಅದೆಲ್ಲ ಡಾಕ್ಟ್ರು ನೋಡ್ಕೊಳ್ತಾರಾ?

ಅತ್ತಿಗೆ: ನನ್ನ ಪರವಾಗಿ ಜಗಳ ಆಡಬೇಡ. ದೊಡ್ಡಮಾವನ್ನ ಅನ್ನಬೇಡ. ದೊಡ್ಡವನಿಗೆ ಪ್ರತಿ ಭಾನುವಾರ ಫೋನಲ್ಲೇ ಲೆಕ್ಕ ಹೇಳಿಕೊಡೋದು ಅವರೇ. ನಾವು ಆಸ್ಪತ್ರೇಲಿದ್ದಾಗ ಶುರುವಾದದ್ದು, ಒಂದು ವಾರನೂ ತಪ್ಪಿಸಿಲ್ಲ. ತಂಗಿಗೆ ಹೇಗಿದೆ ಅಂತ ಒಂದು ದಿನಕ್ಕೂ ಅವನನ್ನ ಕೇಳಿಲ್ಲ, ಬರೀ ಲೆಕ್ಕ. ಅವನಿಗೆ ಅದೇ ಇಷ್ಟ.

ನಾನು: ಗೊತ್ತಿರಲಿಲ್ಲ. ತಪ್ಪಾಯ್ತು ದೊಡ್ಡಪ್ಪ.

ದೊಡ್ಡಪ್ಪ: ಇರಲಿ ಬಿಡು. ಹುಡುಗ ಭಿನ್ನರಾಶಿಯಲ್ಲಿ ಇನ್ನೂ ಎಡವುತ್ತಾನೆ.

ಅತ್ತಿಗೆ: ಆದರೆ ಮಾವ, ಆ ಫೋಟೋ ತೆಗೀರಿ. ಪುಟ್ಟಿ ನನ್ನ ಫೋನ್ ನೋಡ್ತಿರ್ತಾಳೆ. ಓದೋಕೆ ಬರುತ್ತೆ ಈಗ. "ಕೆಲವೇ ದಿನ ಅಂದ್ರೆ ಎಷ್ಟು ದಿನ" ಅಂತ ಕೇಳಿದಳು.

(ಹತ್ತು ನಿಮಿಷ ಯಾರೂ ಬರೆಯಲಿಲ್ಲ.)

ದೊಡ್ಡಪ್ಪ: ಈ ಸಂದೇಶವನ್ನು ಅಳಿಸಲಾಗಿದೆ

ಅತ್ತಿಗೆ: ಬೇಕಾದ್ದು ಹೇಳು ಅಂದ್ರಲ್ಲ ಚಿಕ್ಕತ್ತೆ, ಹೇಳ್ತೀನಿ. ಗುರುವಾರ ಇವಳ ಬೆನ್ನಿಗೆ ಸೂಜಿ ಇದೆ, ಸಂಜೆವರೆಗೂ ಅಲ್ಲೇ. ದೊಡ್ಡವನನ್ನ ಸ್ಕೂಲಿಂದ ಕರ್ಕೊಂಡು ಬರಬೇಕು. ಪ್ರತಿ ಸಲ ಅವನೊಬ್ಬನೇ ಗೇಟಲ್ಲಿ ಕೊನೆಗೆ ಉಳೀತಾನೆ.

ಭಾವ: ನಾನು ಹೋಗ್ತೀನಿ.

ಚಿಕ್ಕಮ್ಮ: ಬೇಡ, ನಾನು ಹೋಗ್ತೀನಿ. ಗುರುವಾರ ಎಷ್ಟೊತ್ತಿಗೆ?

ಅತ್ತಿಗೆ: ಮೂರೂವರೆ. ಅತ್ತೆ, ಏನೂ ಕೇಳಬೇಡಿ ಅವನನ್ನ.

ಚಿಕ್ಕಮ್ಮ: ಕೇಳಲ್ಲ.

ದೊಡ್ಡಪ್ಪ: ಅದನ್ನ ಇನ್ನೂ ಆರು ಗ್ರೂಪಿಗೆ ಕಳಿಸಿದ್ದೆ. ಅಲ್ಲೂ ಹೀಗೇ ಅಳಿಸೋದಾ?