ಓದುಗರ ಸ್ಪಂದನ: ಇಂಗ್ಲಿಷ್ ಬರಲ್ಲ, ಪತ್ರಿಕೋದ್ಯಮ ಬಿಟ್ಟುಬಿಡಲಾ?

ಕಳೆದ ಸಲದ ಸಮಸ್ಯೆ: ನಾನು ಹಾವೇರಿ ಜಿಲ್ಲೆಯ ಹಳ್ಳಿಯವಳು. ಬಿ.ಎ.ವರೆಗೂ ಕನ್ನಡ ಮಾಧ್ಯಮ. ಈಗ ಬೆಂಗಳೂರಿನಲ್ಲಿ ಎಂ.ಎ. ಪತ್ರಿಕೋದ್ಯಮ, ಮೊದಲ ಸೆಮಿಸ್ಟರ್. ಪಾಠ, ಪಿಪಿಟಿ, ಪುಸ್ತಕ ಎಲ್ಲ ಇಂಗ್ಲಿಷ್. ಪರೀಕ್ಷೆಯನ್ನು ಕನ್ನಡದಲ್ಲಿ ಬರೆಯಬಹುದು. ಆದರೆ ಓದಿದ್ದೇ ತಲೆಗೆ ಹೋಗದಿದ್ದರೆ ಏನು ಬರೆಯಲಿ? ಸೆಮಿನಾರ್ ದಿನ ಹೊಟ್ಟೆನೋವು ಅಂತ ಹೇಳಿ ಹಾಸ್ಟೆಲ್‌ನಲ್ಲೇ ಉಳಿದೆ. ಇಂಗ್ಲಿಷ್ ಬರದವರಿಗೆ ಮೀಡಿಯಾದಲ್ಲಿ ಜಾಗ ಇಲ್ಲ ಅಂತಾರೆ ಸೀನಿಯರ್‌ಗಳು. ವಾಪಸ್ ಬಂದು ಬಿ.ಎಡ್. ಮಾಡು ಅಂತಾನೆ ಅಣ್ಣ. ಏನು ಮಾಡಲಿ?

ಉಪಸಂಪಾದಕಿ, ಹುಬ್ಬಳ್ಳಿ

ತಂಗಿ, ನಿನ್ನ ಸೀನಿಯರ್‌ಗಳು ಹೇಳಿದ್ದರಲ್ಲಿ ಅರ್ಧ ನಿಜ ಇದೆ. ಕನ್ನಡ ಪತ್ರಿಕೆಯ ಡೆಸ್ಕ್‌ನಲ್ಲೂ ಇಂಗ್ಲಿಷ್ ಬೇಕು. ಆದರೆ ರಾತ್ರಿ ಪಾಳಿಯಲ್ಲಿ ನನ್ನ ಹತ್ತಿರ ಯಾರೂ ಇಂಗ್ಲಿಷ್ ಮಾತಾಡುವುದಿಲ್ಲ. ಪಿಟಿಐ ಸುದ್ದಿಸಂಸ್ಥೆಯಿಂದ ಇಂಗ್ಲಿಷ್ ಕಾಪಿ ಬರುತ್ತದೆ. ಅದನ್ನು ಓದಿ, ಅರ್ಥ ಮಾಡಿಕೊಂಡು, ಪುಟ ಹೋಗುವುದರೊಳಗೆ ಕನ್ನಡದಲ್ಲಿ ಕೊಡಬೇಕು. ಅಷ್ಟೇ ಕೆಲಸ. ಇದಕ್ಕೆ ಫಟಾಫಟ್ ಮಾತಾಡುವ ಇಂಗ್ಲಿಷ್ ಬೇಡ, ಗಮನವಿಟ್ಟು ಓದುವ ಇಂಗ್ಲಿಷ್ ಸಾಕು. ಕಾನ್ವೆಂಟ್‌ನಲ್ಲಿ ಓದಿದವರಿಗೂ ಇದು ತಾನಾಗಿ ಬರುವುದಿಲ್ಲ.

ಎಲ್ಲಿ ಎಡವುತ್ತಾರೆ ಗೊತ್ತಾ? ಒಂದು, ಅಂಕಿಯಲ್ಲಿ. ಮಿಲಿಯನ್ ಅಂದರೆ 10 ಲಕ್ಷ, ಬಿಲಿಯನ್ ಅಂದರೆ 100 ಕೋಟಿ. ನಿದ್ದೆಗಣ್ಣಲ್ಲೂ ಇದು ಹೊಳೆಯಬೇಕು. ವಿಶ್ವ ಬ್ಯಾಂಕ್ ಸಾಲದ ಸುದ್ದಿಯಲ್ಲಿ ಒಂದು ಸೊನ್ನೆ ಜಾಸ್ತಿಯಾದರೆ ಮರುದಿನ ತಿದ್ದುಪಡಿ ಹಾಕಬೇಕು. ಇನ್ನೊಂದು, ಕೋರ್ಟ್ ಸುದ್ದಿ. ಹೈಕೋರ್ಟ್, ಸುಪ್ರೀಂ ಕೋರ್ಟ್ ಆದೇಶಗಳು ಇಂಗ್ಲಿಷ್‌ನಲ್ಲೇ ಬರುತ್ತವೆ. ಸ್ಟೇ (ತಡೆ), ಕ್ವಾಶ್ (ರದ್ದು), ಅಡ್ಜರ್ನ್ (ಮುಂದೂಡಿಕೆ), ರಿಸರ್ವ್ (ಕಾಯ್ದಿರಿಸುವುದು), ಒಂದೊಂದಕ್ಕೂ ಬೇರೆ ಅರ್ಥ. ತೀರ್ಪು ಕಾಯ್ದಿರಿಸಿದ್ದಾರೆ ಅಂತ ಇರುವುದನ್ನು ತೀರ್ಪು ಬಂತು ಅಂತ ಬರೆದರೆ ಕಥೆ ಮುಗಿಯಿತು. ಇಂಥ ಮಾತುಗಳು ಕೋರ್ಟಿಗೆ ಒಂದಷ್ಟು, ಬಜೆಟ್‌ಗೆ ಒಂದಷ್ಟು, ಮಳೆ-ಬೆಳೆಗೆ ಒಂದಷ್ಟು ಇವೆ. ಪ್ರತಿಯೊಂದಕ್ಕೂ ನೋಟ್‌ಬುಕ್‌ನಲ್ಲಿ ಬೇರೆ ಬೇರೆ ಪುಟ ಇಟ್ಟುಕೋ. ಡಿಕ್ಷನರಿಯನ್ನು ‘ಎ’ಯಿಂದ ಬಾಯಿಪಾಠ ಮಾಡಲು ಹೋಗಬೇಡ.

ಓದುವ ಅಭ್ಯಾಸಕ್ಕೆ ಪಿಐಬಿ, ಅಂದರೆ ಕೇಂದ್ರ ಸರ್ಕಾರದ ವಾರ್ತಾ ಶಾಖೆಯ ವೆಬ್‌ಸೈಟ್ ನೋಡು. ಅದೇ ಪ್ರಕಟಣೆ ಎಷ್ಟೋ ಸಲ ಇಂಗ್ಲಿಷ್, ಕನ್ನಡ ಎರಡರಲ್ಲೂ ಸಿಗುತ್ತದೆ. ಇಂಗ್ಲಿಷ್ ಓದಿ ನೀನೇ ಕನ್ನಡ ಮಾಡು, ಆಮೇಲೆ ಅವರದ್ದು ತೆಗೆದು ನೋಡು. ಒಂದು ಗುಟ್ಟು ಹೇಳಲಾ? ಅವರ ಕನ್ನಡಕ್ಕಿಂತ ನಿನ್ನ ಕನ್ನಡ ಚೆನ್ನಾಗಿರುತ್ತದೆ. ಸರ್ಕಾರಿ ಅನುವಾದ ಎಂಥದ್ದು ಅಂತ ನಮಗೆಲ್ಲ ಗೊತ್ತೇ ಇದೆ.

ಬರೆಯುವುದನ್ನು ನಿನ್ನ ಊರಿನಿಂದಲೇ ಶುರು ಮಾಡು. 2024ರ ಮಾರ್ಚ್‌ನಲ್ಲಿ ಮೆಣಸಿನಕಾಯಿ ದರ ಕುಸಿದು ಬ್ಯಾಡಗಿ ಎಪಿಎಂಸಿಯಲ್ಲಿ ಗಲಾಟೆ ಆಗಿ ವಾಹನಗಳಿಗೆ ಬೆಂಕಿ ಬಿತ್ತಲ್ಲ, ಆ ಸುದ್ದಿಯನ್ನು ಇಂಗ್ಲಿಷ್ ಮತ್ತು ಕನ್ನಡ ಪತ್ರಿಕೆಗಳಲ್ಲಿ ಹುಡುಕಿ ಅಕ್ಕಪಕ್ಕ ಇಟ್ಟು ಓದು. ಮೆಣಸಿನಕಾಯಿ ತಳಿಗಳಲ್ಲಿ ಡಬ್ಬಿ ಯಾವುದು, ಕಡ್ಡಿ ಯಾವುದು, ಟೆಂಡರ್ ಹೇಗೆ ನಡೆಯುತ್ತದೆ ಅನ್ನುವುದು ನಿನಗೆ ಮೊದಲೇ ಗೊತ್ತಿರುತ್ತದೆ. ವಿಷಯ ಗೊತ್ತಿರುವಾಗ ಕಷ್ಟಪಡಬೇಕಾದ್ದು ಭಾಷೆಯ ಜೊತೆ ಮಾತ್ರ. ಗೊತ್ತಿಲ್ಲದ ವಿಷಯವನ್ನು ಬಾರದ ಭಾಷೆಯಲ್ಲಿ ಬರೆಯಲು ಕೂತರೆ ಯಾರಿಗಾದರೂ ಅಳು ಬರುತ್ತದೆ. ಮೊದಲು ನಾಲ್ಕು ಸಾಲು ಬರಿ. ಯಾರು, ಏನು, ಎಲ್ಲಿ, ಯಾವಾಗ, ಅಷ್ಟೇ. ಯಾಕೆ, ಹೇಗೆ ಅನ್ನುವುದು ಮುಂದಿನ ತಿಂಗಳಿಗಿರಲಿ.

ನಿವೃತ್ತ ಇಂಗ್ಲಿಷ್ ಅಧ್ಯಾಪಕರು, ಶಿವಮೊಗ್ಗ

ಇಂಗ್ಲಿಷ್ ಪತ್ರಿಕೆಯ ಸಂಪಾದಕೀಯ ಓದಿ ಅಂತ ನಿಮಗೆ ಬಹಳ ಜನ ಹೇಳಿರುತ್ತಾರೆ. ನಾನು ಬೇಡ ಅನ್ನುತ್ತೇನೆ. ಪತ್ರಿಕೆಯಲ್ಲಿ ಅತಿ ಕಷ್ಟದ ಇಂಗ್ಲಿಷ್ ಇರುವುದೇ ಅಲ್ಲಿ. ಒಂದು ವಾಕ್ಯ ಮುಗಿಯುವಷ್ಟರಲ್ಲಿ ಅದು ಶುರುವಾದದ್ದು ಎಲ್ಲಿ ಅನ್ನುವುದೇ ಮರೆತುಹೋಗುತ್ತದೆ. ನಗರದ ಪುಟ ಓದಿ, ಕ್ರಿಕೆಟ್ ಪುಟ ಓದಿ. ನಿನ್ನೆ ಮ್ಯಾಚ್ ನೋಡಿದ್ದರೆ ಅರ್ಧ ಅರ್ಥ ಮೊದಲೇ ಕೈಯಲ್ಲಿರುತ್ತದೆ. ಮೂವತ್ತು ದಿನದಲ್ಲಿ ಸ್ಪೋಕನ್ ಇಂಗ್ಲಿಷ್ ಅನ್ನುವ ಬೋರ್ಡ್‌ಗಳಿಗೆ ದುಡ್ಡು ಸುರಿಯಬೇಡಿ. ರಾತ್ರಿ ಒಂಬತ್ತಕ್ಕೆ ಆಕಾಶವಾಣಿಯ ಇಂಗ್ಲಿಷ್ ವಾರ್ತೆ ಪುಕ್ಕಟೆ ಬರುತ್ತದೆ. ನ್ಯೂಸ್ ಆನ್ ಏರ್ ಆ್ಯಪ್‌ನಲ್ಲಿ ಕನ್ನಡದ್ದನ್ನೂ ಕೇಳಬಹುದು. ಮೊದಲು ಕನ್ನಡದ ವಾರ್ತೆ ಕೇಳಿ, ಆಮೇಲೆ ಇಂಗ್ಲಿಷಿನದ್ದು.

ಇನ್ನು ಥಿಯರಿ. ಆ ಪುಸ್ತಕಗಳ ಭಾಷೆ ದೊಡ್ಡದು, ಒಳಗಿನ ವಿಷಯ ಅಷ್ಟೇನೂ ದೊಡ್ಡದಲ್ಲ. (ಸಹೋದ್ಯೋಗಿಗಳು ಕ್ಷಮಿಸಲಿ.) ಅಮೆರಿಕದ ವಿದ್ವಾಂಸ ಲ್ಯಾಸ್‌ವೆಲ್ 1948ರಲ್ಲಿ ಕೇಳಿದ್ದು ಇಷ್ಟೇ: ಯಾರು, ಏನನ್ನು, ಯಾವ ಮಾರ್ಗದಲ್ಲಿ, ಯಾರಿಗೆ ಹೇಳಿದರು, ಅದರಿಂದ ಏನಾಯಿತು? ನಿಮ್ಮೂರ ಡಂಗುರಕ್ಕೆ ಇದನ್ನು ಹಚ್ಚಿ ನೋಡಿ. ಪಂಚಾಯಿತಿಯವರು, ನಾಳೆ ನೀರು ಬರಲ್ಲ ಅಂತ, ಹಲಗೆ ಬಡಿಸಿ, ಊರಿನವರಿಗೆ ಹೇಳಿದರು, ಜನ ಇವತ್ತೇ ಕೊಡ ತುಂಬಿಸಿಕೊಂಡರು. ಅಜೆಂಡಾ ಸೆಟ್ಟಿಂಗ್ ಕೂಡ ಹೀಗೇ. ಮೆಕೂಂಬ್ಸ್ ಮತ್ತು ಶಾ 1972ರಲ್ಲಿ ಬರೆದ ಲೇಖನ ಅದು. ಪತ್ರಿಕೆಗಳು ಯಾವ ವಿಷಯಕ್ಕೆ ಜಾಸ್ತಿ ಜಾಗ ಕೊಡುತ್ತವೋ ಜನರಿಗೂ ಅದೇ ಮುಖ್ಯ ಅನ್ನಿಸುತ್ತದೆ. ಹಾವೇರಿಯ ಸುದ್ದಿ ರಾಜ್ಯದ ಮುಖಪುಟಕ್ಕೆ ಯಾವಾಗ ಬರುತ್ತದೆ, ಯಾವಾಗ ಬರಲ್ಲ? ಅದರ ಮೇಲೇ ಸೆಮಿನಾರ್ ಮಾಡಿ. ಮೊದಲ ಸಲ ಕನ್ನಡದಲ್ಲಿ ಮಾತಾಡುತ್ತೇನೆ, ಸ್ಲೈಡ್ ಇಂಗ್ಲಿಷ್‌ನಲ್ಲಿ ಹಾಕುತ್ತೇನೆ ಅಂತ ಮೇಷ್ಟ್ರನ್ನು ನೇರ ಕೇಳಿ. ಬಹಳ ಮೇಷ್ಟ್ರು ಒಪ್ಪುತ್ತಾರೆ. ಹೊಟ್ಟೆನೋವಿಗಿಂತ ಅದು ಒಳ್ಳೆಯದು ಅಲ್ವಾ?

ಯೂಟ್ಯೂಬ್ ಚಾನೆಲ್ ನಡೆಸುವವರು, ದಾವಣಗೆರೆ

ಸುಮ್ನೆ ಯಾಕೆ ಇಂಗ್ಲಿಷ್ ಹಿಂದೆ ಬೀಳುತ್ತೀರಿ? ನಾನು ಕನ್ನಡದಲ್ಲೇ ಮಾಡುತ್ತಿದ್ದೇನೆ, ನೋಡುವವರಿದ್ದಾರೆ. ಕ್ಯಾಮೆರಾ, ಎಡಿಟಿಂಗ್ ಕಲಿಯಿರಿ. ಎಡಿಟಿಂಗ್ ಸಾಫ್ಟ್‌ವೇರ್‌ನ ಮೆನು ಇಂಗ್ಲಿಷ್‌ನಲ್ಲೇ ಇರುತ್ತದೆ ನಿಜ, ಅದು ಎರಡು ವಾರದಲ್ಲಿ ಕೈಗೆ ಬರುತ್ತದೆ.

ಫ್ಯಾಕ್ಟ್ ಚೆಕ್ ಮಾಡುವವರು, ಬೆಂಗಳೂರು

ಇದೇ ಕಾಲಂನಲ್ಲಿ ಯಾರಾದರೂ ಇಂಗ್ಲಿಷೇ ಬೇಡ ಅಂತ ಬರೆದೇ ಬರೆದಿರುತ್ತಾರೆ. ಅವರ ಮಾತು ಕೇಳಬೇಡಿ. ವಾಟ್ಸ್‌ಆ್ಯಪ್‌ನಲ್ಲಿ ನಮ್ಮ ರಾಜ್ಯದ್ದು ಅಂತ ಓಡಾಡುವ ವಿಡಿಯೊ ಎಷ್ಟೋ ಸಲ ಬೇರೆ ದೇಶದ್ದು, ಬೇರೆ ವರ್ಷದ್ದು. ಅದರ ಒಂದು ಫ್ರೇಮ್ ತೆಗೆದು ರಿವರ್ಸ್ ಇಮೇಜ್ ಸರ್ಚ್‌ಗೆ, ಅಂದರೆ ಚಿತ್ರ ಕೊಟ್ಟು ಅದರ ಮೂಲ ಹುಡುಕುವ ಸೌಲಭ್ಯಕ್ಕೆ ಹಾಕಿದರೆ ಮೊದಲು ಸಿಗುವುದು ಬಹುತೇಕ ಇಂಗ್ಲಿಷ್ ಸುದ್ದಿ. ಅದನ್ನು ಓದಲು ಬರದಿದ್ದರೆ ಸುಳ್ಳನ್ನು ಹಿಡಿಯುವುದು ಹೇಗೆ? ಅದೇ ಸುಳ್ಳನ್ನು ನೀವೂ ಕನ್ನಡದಲ್ಲಿ ಹಂಚುತ್ತೀರಿ. ಹಾಗಂತ ಇಂಗ್ಲಿಷ್ ಮಾತ್ರ ಬಂದರೂ ನಮ್ಮಲ್ಲಿ ನಡೆಯಲ್ಲ. ವಿಡಿಯೊದಲ್ಲಿರುವವರು ಕಲಬುರಗಿ ಕನ್ನಡ ಮಾತಾಡುತ್ತಿದ್ದಾರಾ, ಕುಂದಾಪುರದ್ದಾ ಅಂತ ಹೇಳುವ ಕಿವಿ ಬೇಕು. ಅದು ನಿಮಗಿದೆ.

ಸಂಶೋಧನಾ ವಿದ್ಯಾರ್ಥಿ, ಮೈಸೂರು

ಬಿ.ಎಡ್. ಕೆಟ್ಟದ್ದಲ್ಲ. ಆದರೆ ಮೇಷ್ಟ್ರಾಗುವ ಆಸೆ ಇದ್ದರೆ ಪತ್ರಿಕೋದ್ಯಮ ಮುಗಿಸಿಯೂ ಆಗಬಹುದು ಅಂತ ಅಣ್ಣನಿಗೆ ಹೇಳಿ. ಕಾಲೇಜು ಮೇಷ್ಟ್ರಾಗಲು ಯುಜಿಸಿ-ನೆಟ್ ಅನ್ನುವ ಅರ್ಹತಾ ಪರೀಕ್ಷೆ ಇದೆ. ಭಾಷಾ ವಿಷಯಗಳನ್ನು ಬಿಟ್ಟರೆ ಅದರ ಪ್ರಶ್ನೆ ಪತ್ರಿಕೆ ಇಂಗ್ಲಿಷ್ ಮತ್ತು ಹಿಂದಿಯಲ್ಲಿ ಮಾತ್ರ ಇರುತ್ತದೆ. ಇದು ಅನ್ಯಾಯ ಅಂತ ನನ್ನ ಅಭಿಪ್ರಾಯ. ಆದರೂ ಇವತ್ತಿಗೆ ಇರುವುದು ಹೀಗೆ. ಸಮಾಧಾನ ಏನೆಂದರೆ ಅಲ್ಲಿ ಪ್ರಬಂಧ ಬರೆಯುವುದಿಲ್ಲ, ಸರಿ ಉತ್ತರ ಆರಿಸಿದರೆ ಸಾಕು. ಮತ್ತೆ ಅದೇ, ಓದುವ ಇಂಗ್ಲಿಷ್.

ಮಂಗಳೂರಿನ ಓದುಗರು

ನಮ್ಮೂರಿನಿಂದ 1843ರಲ್ಲಿ ಬಂದ ‘ಮಂಗಳೂರು ಸಮಾಚಾರ’ ಕನ್ನಡದ ಮೊದಲ ಪತ್ರಿಕೆ. ಅದನ್ನು ಹೊರಡಿಸಿದ ಹರ್ಮನ್ ಮೊಗ್ಲಿಂಗ್ ಜರ್ಮನಿಯವರು. 1836ರಲ್ಲಿ ಇಲ್ಲಿಗೆ ಬಂದಾಗ ವಯಸ್ಸು ಇಪ್ಪತ್ತೈದು. ಕನ್ನಡ ಕಲಿತದ್ದು ಆಮೇಲೆ. ನಿಮಗೆ ಎಷ್ಟು ವಯಸ್ಸು, ಇಪ್ಪತ್ತೊಂದೋ ಇಪ್ಪತ್ತೆರಡೋ?

ಎರಡನೇ ವರ್ಷದ ಎಂ.ಎ. ವಿದ್ಯಾರ್ಥಿನಿ, ಬೆಂಗಳೂರು

ನಾನು ರಾಯಚೂರು ಕಡೆಯವಳು. ನಿಮ್ಮ ಪತ್ರ ಓದಿ ನನ್ನ ರೂಮ್‌ಮೇಟ್ ‘ಇದನ್ನು ನೀನೇ ಬರೆದೆಯಾ?’ ಅಂತ ಕೇಳಿದಳು. ಒಂದು ಉಪಾಯ ಹೇಳುತ್ತೇನೆ. ನಿಮ್ಮ ಕ್ಲಾಸಿನ ಕಾನ್ವೆಂಟ್ ಹುಡುಗಿಯರಿಗೆ ಕನ್ನಡ ಬರೆಯಲು ಬರುತ್ತದಾ ನೋಡಿ. ನಮ್ಮಲ್ಲಿ ಹಲವರಿಗೆ ಒತ್ತಕ್ಷರವೇ ಬರುತ್ತಿರಲಿಲ್ಲ. ಕನ್ನಡ ಚಾನೆಲ್‌ನಲ್ಲಿ ಇಂಟರ್ನ್‌ಶಿಪ್ ಸಿಕ್ಕಾಗ ಅವರು ಸ್ಕ್ರೋಲ್ (ಟಿವಿ ಪರದೆಯ ಕೆಳಗೆ ಓಡುವ ಸುದ್ದಿ ಸಾಲು) ಟೈಪ್ ಮಾಡಲಾಗದೆ ನನ್ನ ಹತ್ತಿರ ಬಂದರು. ಈಗ ಅವರ ಕನ್ನಡ ಕಾಪಿ ನಾನು ತಿದ್ದುತ್ತೇನೆ, ನನ್ನ ಇಂಗ್ಲಿಷ್ ಕಾಪಿ ಅವರು ತಿದ್ದುತ್ತಾರೆ. ಉಪಕಾರ ಅಂತ ಯಾರಿಗೂ ಅನ್ನಿಸುವುದಿಲ್ಲ. ತಿದ್ದುವಾಗ ಕೆಂಪು ಪೆನ್ನು ಬೇಡ ಅಂತ ಮೊದಲೇ ಮಾತಾಡಿಕೊಳ್ಳಿ, ಪೆನ್ಸಿಲ್ ಸಾಕು. ಮತ್ತೆ, ಇಂಟರ್ನ್‌ಶಿಪ್‌ಗೆ ಅರ್ಜಿ ಹಾಕುವಾಗ ಯಾವ ಭಾಷೆ ಬರುತ್ತದೆ ಅನ್ನುವ ಕಡೆ ಕನ್ನಡವನ್ನು ಮೊದಲು ಬರೆಯಿರಿ. ಇಂಗ್ಲಿಷ್ ಎದುರಿಗೆ ‘ಓದುತ್ತೇನೆ, ಅನುವಾದ ಮಾಡುತ್ತೇನೆ’ ಅಂತ ಹಾಕಿ.