ಅಂತೆ-ಕಂತೆ ನಂಬಿ ಫೋನ್ ಕೊಳ್ಳುವುದನ್ನು ಮುಂದೂಡಬೇಕಾ?

ಹಳೇಫೋನು: ನನ್ನ ಐಫೋನ್ 12ಕ್ಕೆ ವಯಸ್ಸಾಯಿತು. ಮಧ್ಯಾಹ್ನಕ್ಕೇ ಚಾರ್ಜ್ ಖಾಲಿ. ಹೊಸದು ಕೊಳ್ಳಲು ಹೊರಟಾಗಲೆಲ್ಲ "ಮುಂದಿನ ಮಾದರಿಯಲ್ಲಿ ಬ್ಯಾಟರಿ ದುಪ್ಪಟ್ಟಂತೆ", "ಕ್ಯಾಮೆರಾ ಪೂರ್ತಿ ಬೇರೆಯಂತೆ" ಅಂತ ಏನಾದರೂ ಕಣ್ಣಿಗೆ ಬೀಳುತ್ತದೆ. ಮತ್ತೆ ಸುಮ್ಮನಾಗುತ್ತೇನೆ. ಮೂರು ಸಲ ಹೀಗಾಯಿತು. ಕಾಯುವುದರಲ್ಲಿ ಅರ್ಥ ಇದೆಯಾ?

ಖಾರಮಾತು: ಇಲ್ಲ. ಅದು ಅಂತೆ-ಕಂತೆಗಳ ಸಂತೆ. ಆಪಲ್ ಕಾರು ನೆನಪಿದೆಯಾ? ಸುಮಾರು ಹತ್ತು ವರ್ಷ ಅದರ ಬಗ್ಗೆ ಓದಿದ್ದೇ ಓದಿದ್ದು. 2024ರ ಫೆಬ್ರವರಿಯಲ್ಲಿ ಆ ಕೆಲಸವನ್ನೇ ಕೈಬಿಟ್ಟರು. ಕಾರು ತರುತ್ತೇವೆ ಅಂತ ಕಂಪನಿ ಯಾವತ್ತೂ ಹೇಳಿರಲಿಲ್ಲ, ಕಾದವರು ನಾವೇ.

ಅಚ್ಚುಮೆಚ್ಚು: ಎಲ್ಲವನ್ನೂ ಒಂದೇ ತಕ್ಕಡಿಗೆ ಹಾಕಬೇಡಿ. ಐಫೋನ್ 7ರಲ್ಲಿ ಇಯರ್‌ಫೋನ್ ತೂತು ಇರಲ್ಲ ಅಂತ 2015ರಲ್ಲೇ ಸುದ್ದಿ ಇತ್ತು. 2016ರ ಸೆಪ್ಟೆಂಬರಲ್ಲಿ ಹಾಗೇ ಆಯಿತು. 2020ರಲ್ಲಿ ನಿಮ್ಮ ಐಫೋನ್ 12ರ ಡಬ್ಬಿಯಿಂದ ಚಾರ್ಜರ್ ಮಾಯವಾಗುತ್ತದೆ ಅಂದಿದ್ದೂ ನಿಜವಾಯಿತು.

ಸುದ್ದಿ ಎಲ್ಲಿಂದ ಬಂತು ಅಂತ ನೋಡಬೇಕು. ಫೋನ್ ಕವರ್ ಮಾಡುವವರು ತಿಂಗಳುಗಳ ಮೊದಲೇ ಅಚ್ಚು ಮಾಡಿಸಿಕೊಳ್ಳುತ್ತಾರೆ. ಅಳತೆ ತಪ್ಪಿದರೆ ಮಾಲೆಲ್ಲ ಕಸ. ಸ್ವಂತ ದುಡ್ಡು ಹಾಕಿರುವವರು ಸುಮ್ನೆ ಊಹೆ ಮಾಡಲ್ಲ. ಅದಕ್ಕೇ ಉದ್ದ, ಅಗಲ, ಕ್ಯಾಮೆರಾ ಇರುವ ಜಾಗ, ಇವೆಲ್ಲ ಹೆಚ್ಚಾಗಿ ಸರಿಯಿರುತ್ತವೆ. ಆದರೆ ಫೋಟೋ ಹೇಗೆ ಬರುತ್ತದೆ, ಚಾರ್ಜ್ ಎಷ್ಟು ಹೊತ್ತು ನಿಲ್ಲುತ್ತದೆ ಅನ್ನೋದನ್ನ ಯಾವ ಅಚ್ಚೂ ಹೇಳಲ್ಲ.

ಖಾರಮಾತು: ಸರಿ, ಅಳತೆ ಗೊತ್ತಾಗಿ ಇವರಿಗೇನು ಲಾಭ? ಇವರಿಗೆ ಬೇಕಿರೋದು ಬ್ಯಾಟರಿ!

ಲಿಥಿಯಂಲೀಲಾ: ಆ "ದುಪ್ಪಟ್ಟು" ಸುದ್ದಿಯ ಹಿಂದೆ ಸಾಮಾನ್ಯವಾಗಿ ಸಿಲಿಕಾನ್ ಇರುತ್ತದೆ. ಈಗಿನ ಬ್ಯಾಟರಿಗಳಲ್ಲಿ ಲಿಥಿಯಂ ಹಿಡಿದಿಡುವುದು ಗ್ರಾಫೈಟ್. ಅಷ್ಟೇ ತೂಕದ ಸಿಲಿಕಾನ್ ಸುಮಾರು ಹತ್ತು ಪಟ್ಟು ಹಿಡಿಯಬಲ್ಲದು. ತಲೆಬರಹ ಇಲ್ಲಿಗೇ ಮುಗಿಯುತ್ತದೆ. ಕಷ್ಟ ಶುರುವಾಗೋದೂ ಇಲ್ಲೇ. ಚಾರ್ಜ್ ಆಗುವಾಗ ಸಿಲಿಕಾನ್ ಮೂರು ಪಟ್ಟಿಗೂ ಜಾಸ್ತಿ ಉಬ್ಬುತ್ತದೆ, ಆಮೇಲೆ ಕುಗ್ಗುತ್ತದೆ. ಹೀಗೇ ಉಬ್ಬಿ ಕುಗ್ಗಿ ಬಿರುಕು ಬಿಡುತ್ತದೆ. ಹಾಗಾಗಿ ಸ್ವಲ್ಪವೇ ಸಿಲಿಕಾನನ್ನು ಕಾರ್ಬನ್ ಜೊತೆ ಬೆರೆಸುತ್ತಾರೆ. 2023ರಿಂದ ಅಂಥ ಫೋನುಗಳು ಮಾರಾಟದಲ್ಲಿವೆ. ಬ್ಯಾಟರಿ ದೊಡ್ಡದಾಗಿದೆ, ನಿಜ. ಹತ್ತು ಪಟ್ಟಂತೂ ಅಲ್ಲ.

ಓದುಗ_2: ಕಂಪನಿಯೇ ವೇದಿಕೆ ಮೇಲೆ ಹೇಳಿದ್ದಕ್ಕೂ ಗ್ಯಾರಂಟಿ ಇಲ್ಲ. ಏರ್‌ಪವರ್ ಚಾರ್ಜರನ್ನು 2017ರ ಸೆಪ್ಟೆಂಬರಲ್ಲಿ ಆಪಲ್ ತಾನೇ ತೋರಿಸಿತು. ಮೂರು ಸಾಧನ ಒಟ್ಟಿಗೆ ಇಟ್ಟು ಚಾರ್ಜ್ ಮಾಡಬಹುದು ಅಂದರು. 2019ರ ಮಾರ್ಚಲ್ಲಿ ರದ್ದು ಮಾಡಿದರು. ಅದಕ್ಕೇನಂತೀರಾ?

ಅಚ್ಚುಮೆಚ್ಚು: ಏನೂ ಅನ್ನಲ್ಲ. ನಾನೂ ಕಾದಿದ್ದೆ.

ಹಳೆಕಂಪ್ಯೂಟರ್: ಗ್ರಾಹಕರು ಕಾಯುತ್ತಾ ಕೂತರೆ ಕಂಪನಿಯೇ ಮುಳುಗಬಹುದು. ಆಸ್ಬೋರ್ನ್ ಅಂತ ಒಂದು ಕಂಪ್ಯೂಟರ್ ಕಂಪನಿ ಇತ್ತು. ಮುಂದಿನ ಮಾದರಿ ಬಗ್ಗೆ ಮೊದಲೇ ಬಾಯಿಬಿಟ್ಟರು, ಇದ್ದ ಮಾದರಿಯನ್ನು ಕೇಳುವವರೇ ಇಲ್ಲವಾದರು. 1983ರಲ್ಲಿ ದಿವಾಳಿ.

ಖಾರಮಾತು: ಈ ಕಥೆ ಎಲ್ಲರೂ ಹೇಳುತ್ತಾರೆ, ಅರ್ಧ ಮಾತ್ರ. ಆಸ್ಬೋರ್ನ್ ಪರದೆ 5 ಇಂಚು, ಎದುರಾಳಿ ಕೇಪ್ರೋದ್ದು 9 ಇಂಚು. ನೀವಾಗಿದ್ದರೆ ಯಾವುದು ಕೊಳ್ಳುತ್ತಿದ್ದಿರಿ? ಎಲ್ಲಾ ತಪ್ಪನ್ನೂ ಬಾಯಿಬಿಟ್ಟ ಮಾತಿನ ತಲೆಗೆ ಕಟ್ಟಬೇಡಿ.

ಹಳೆಕಂಪ್ಯೂಟರ್: ಒಪ್ಪಿದೆ. ಅಂತೆ-ಕಂತೆಗಳ ಪರ ನೀವೇ ವಾದ ಮಾಡ್ತಿದ್ದೀರಿ, ಗೊತ್ತಾಯ್ತಾ?

ಲಿಥಿಯಂಲೀಲಾ: ಜಗಳ ಆಮೇಲೆ. ಹಳೇಫೋನು ಅವರೇ, ನಿಮಗಿರುವ ತೊಂದರೆ ಬ್ಯಾಟರಿಯದೊಂದೇ ಅಲ್ವಾ? 500 ಸಲ ಪೂರ್ತಿ ಚಾರ್ಜ್ ಆದ ಮೇಲೆ ನಿಮ್ಮ ಮಾದರಿಯ ಬ್ಯಾಟರಿಯ ಶಕ್ತಿ 80%ಕ್ಕೆ ಇಳಿಯುತ್ತದೆ ಅಂತ ಆಪಲ್ಲೇ ಹೇಳುತ್ತದೆ. ಸೆಟ್ಟಿಂಗ್ಸಲ್ಲಿ ಬ್ಯಾಟರಿ ಹೆಲ್ತ್ ನೋಡಿ.

ಹಳೇಫೋನು: ನೋಡಿದೆ. 71%.

ಲಿಥಿಯಂಲೀಲಾ: ಫೋನ್ ಅಲ್ಲ ಸ್ವಾಮಿ, ಬ್ಯಾಟರಿ ಬದಲಾಯಿಸಿ.

ಹಳೇಫೋನು: ನಾಳೆಯೇ ಹೋಗುತ್ತೇನೆ. ಅಷ್ಟರಲ್ಲಿ ಯಾರೂ ಹೊಸ ಸುದ್ದಿ ಹಾಕಬೇಡಿ.